ಜಡೆ ಎಳೆಯುವ ಶಾಸ್ತ್ರ

ಎತ್ತಿದ ಕಾಲು ಇಳಿಯಲೇ ಇಲ್ಲ.

ಬಾಣಂತಿ ತೊಡೆಯ ಮೇಲಿದ್ದ ಪುಟ್ಟ ಪರದೆಯನ್ನು ಬೆರಳಿನಿಂದ ತಟ್ಟಿದಳು. ಪರದೆಯಲ್ಲಿ ಅವಳ ಮಗು ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಮೂಗಿಗೆ ಸಣ್ಣ ಕೊಳವೆ, ತಲೆಗೆ ಅಂಗೈಯಗಲದ ಟೋಪಿ, ಎಡಗಾಲು ಮಾತ್ರ ಯಾರನ್ನೋ ಒದೆಯಲು ಹೊರಟಂತೆ ಗಾಳಿಯಲ್ಲಿ. ಒದೆಯಲೂ ಇಲ್ಲ, ಇಳಿಸಲೂ ಇಲ್ಲ. ಎದೆ ಏರಿಳಿಯುವುದು ಕಾಣಲಿಲ್ಲ. ಅವಳು ಮತ್ತೆ ತಟ್ಟಿದಳು, ಇನ್ನೂ ಜೋರಾಗಿ ತಟ್ಟಿದಳು, ಆಮೇಲೆ ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕೂಗಿದಳು.

"ಅಮ್ಮಾ! ನಿಂತುಹೋಯ್ತು!"

"ಚಿತ್ರ ನಿಂತಿದೆ ಕಣೇ. ಮಗು ನಿಂತಿಲ್ಲ," ಎಂದಳು ಕಿಟಕಿಯ ಬಳಿ ನೀರು ಬಗ್ಗಿಸುತ್ತಿದ್ದ ತಾಯಿ. ಮಾತು ಸಮಾಧಾನದ್ದೇ; ಆದರೆ ನೀರು ಲೋಟದ ಹೊರಗೆ ಬಿದ್ದದ್ದನ್ನು ಮಗಳು ನೋಡಿದಳು.

ಸ್ವಲ್ಪ ಹೊತ್ತಿಗೆ ಚಿತ್ರ ಒಮ್ಮೆ ಅದುರಿ ಚಲಿಸಿತು. ಕಾಲು ಈಗ ಕೆಳಗಿತ್ತು. ನಡುವೆ ಅದು ಯಾವಾಗ ಇಳಿಯಿತು, ಒದೆಯಿತೋ ಇಲ್ಲವೋ, ಅದನ್ನು ಯಾರೂ ನೋಡಿರಲಿಲ್ಲ. ಹೆತ್ತವಳಿಗೆ ಆ ನಡುವಿನ ಹೊತ್ತೇ ಪ್ರಾಣ ಹಿಂಡುತ್ತಿತ್ತು. ಮಗು ಅವಸರ ಮಾಡಿ ಹುಟ್ಟಿತ್ತು. ಇನ್ನೂ ಹೊಟ್ಟೆಯೊಳಗೇ ಇರಬೇಕಾದ ಕೂಸು. ಅದನ್ನು ರಸ್ತೆಯಾಚೆಯ ಹೊಸ ಕಟ್ಟಡದ ಶಿಶುಕೋಣೆಗೆ ಒಯ್ದಿದ್ದರು. ಇವಳಿಗೆ ಕೊಯ್ದ ಗಾಯ ಕೀವು ಹಿಡಿದು ಜ್ವರ. ಗಾಯ ಒಣಗುವವರೆಗೆ ಅತ್ತ ಕಾಲಿಡುವಂತಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಹೀಗೆ ಹೋಗಲಾಗದ ತಾಯಂದಿರಿಗೆಂದೇ ಆಸ್ಪತ್ರೆಯವರು ಒಂದೊಂದು ಪೆಟ್ಟಿಗೆಯ ಮೇಲೂ ಕ್ಯಾಮೆರಾ ಇಟ್ಟು, ಹಳೆ ಕಟ್ಟಡದ ಈ ವಾರ್ಡಿನಲ್ಲಿ ಒಂದೊಂದು ಪರದೆ ಕೊಟ್ಟಿದ್ದರು. ಅವಳು ತನ್ನ ಮಗುವನ್ನು ಇದುವರೆಗೆ ಸರಿಯಾಗಿ ನೋಡಿದ್ದು ಅದರಲ್ಲೇ.

"ಈಗ ತಾನೇ ನೋಡ್ಕೊಂಡು ಬಂದೆ. ಚೆನ್ನಾಗಿದೆ. ಕೈ ಬಾಯಿಗೆ ಹಾಕ್ಕೊಂಡಿತ್ತು," ಎಂದ ಅವಳ ಗಂಡ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ. ಪಾಪ, ಎರಡು ಕಟ್ಟಡಗಳ ನಡುವೆ ಓಡಾಡಿ ಅವನ ಚಪ್ಪಲಿ ಸವೆಯುತ್ತಿತ್ತು.

"ಕೈ ಬಾಯಿಗೆ ಹಾಕ್ಕೊಂಡಿತ್ತು ಅಂತ ನಿನ್ನೇನೂ ಹೇಳಿದ್ರಿ."

"ನಿನ್ನೇನೂ ಹಾಕ್ಕೊಂಡಿತ್ತು ಕಣೇ. ಮಕ್ಕಳು ಇನ್ನೇನು ಮಾಡ್ತಾವೆ?"

ಅವಳು ಗಂಡನ ಕಡೆ ನೋಡಲಿಲ್ಲ. ತಾಯಿಯ ಕಡೆ ನೋಡಿದಳು. ಜ್ವರಕ್ಕೆ ಕಣ್ಣು ಕೆಂಪಗಿತ್ತು.

"ಅಮ್ಮಾ, ಒಂದು ಮಾತು ಕೇಳ್ತೀನಿ, ನಿಜ ಹೇಳು. ಇದು ಈಗಿನ ಚಿತ್ರಾನಾ?"

"ಮತ್ತೆ ಯಾವಾಗಿನದು?"

"ನಿನ್ನೆ ಕಾಲು ಎತ್ಕೊಂಡೇ ನಿಂತಿತ್ತು. ಇವತ್ತೂ ಹಾಗೇ ನಿಂತಿತ್ತು. ಅದೇ ಟೋಪಿ, ಅದೇ ಕಾಲು. ನೀನು ಇದೇ ಆಸ್ಪತ್ರೇಲಿ ಇದೇ ಕೆಲಸ ಮಾಡೋಳು. ಎಲ್ಲಾ ತಂತಿ ನಿನ್ನ ಕೈಯಲ್ಲಿದೆ. ಹಳೇದನ್ನ ಹಿಡಿದಿಟ್ಟು ತಿರುಗಾ ಮುರುಗಾ ತೋರಿಸೋದು ನಿನಗೇನು ಕಷ್ಟ? ನನಗೆ ಜ್ವರ ಅಂತ, ಗಾಬರಿ ಆಗ್ತೀನಿ ಅಂತ, ನೀವೆಲ್ಲಾ ಸೇರ್ಕೊಂಡು..." ಪರದೆಯನ್ನು ಮಗುಚಿ ಹಾಸಿಗೆಯ ಮೇಲಿಟ್ಟಳು.

ತಾಯಿಗೆ ಕೆನ್ನೆಗೆ ಹೊಡೆದಂತಾಯಿತು. ಲೋಟವನ್ನು ಅಲ್ಲೇ ಇಟ್ಟು ಹೊರಟುಬಿಟ್ಟಳು. ಮಗಳೂ ಕರೆಯಲಿಲ್ಲ. ಅಳಿಯ ಮಾತ್ರ ಬಾಗಿಲಿನವರೆಗೆ ಬಂದು, ಜ್ವರದ ಬಾಯಿ, ಮನಸ್ಸಿಗೆ ಹಚ್ಕೋಬೇಡಿ ಎಂದು ಏನೋ ಗೊಣಗಿದ.

ಈ ತಾಯಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ದೊಡ್ಡಮ್ಮ ಎಂದು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅವಳು ಆಸ್ಪತ್ರೆಯ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆ. ಯಾರ ಕಂಪ್ಯೂಟರು ಯಾರೊಂದಿಗೆ ಮಾತಾಡಬೇಕೋ ಅವನ್ನು ಮಾತಾಡಿಸುವುದು ಅವಳ ಕೆಲಸ. ಮಾತಾಡುತ್ತಿರುವವರೆಗೆ ಅಂಥದ್ದೊಂದು ಕೆಲಸವಿದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟರೆ ಮಾತ್ರ ಊರೆಲ್ಲ ದೊಡ್ಡಮ್ಮನ ಹೆಸರು. ಅದಕ್ಕೆ ಅವಳು ಬೇಸರಪಟ್ಟವಳಲ್ಲ. ಬೈಗುಳ ತಿಂದು ಗಟ್ಟಿಯಾಗಿದ್ದಳು. ಆದರೆ ಮಗಳ ಮಾತು ಬೈಗುಳವಾಗಿರಲಿಲ್ಲ. ನೀನು ನಿನ್ನ ವಿದ್ಯೆಯಿಂದಲೇ ನನಗೆ ಸುಳ್ಳು ಹೇಳುತ್ತಿದ್ದೀಯ ಎಂದು ಅವಳು ಹೇಳಿದ್ದಳು. ಇದನ್ನು ಹೊತ್ತುಕೊಂಡು ದೊಡ್ಡಮ್ಮ ರಸ್ತೆ ದಾಟಿದಳು, ಒಬ್ಬ ಸ್ಕೂಟರಿನವನ ಕೈಲಿ ಬೈಸಿಕೊಂಡಳು, ಹೊಸ ಕಟ್ಟಡದ ನೆಲಮಾಳಿಗೆಗೆ ಇಳಿದಳು.

ಚಿತ್ರ ಯಾಕೆ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬೆಳಗಿನ ಈ ಹೊತ್ತಿಗೆ ಸ್ಕ್ಯಾನಿಂಗ್ ವಿಭಾಗ ಎಚ್ಚರಗೊಳ್ಳುತ್ತದೆ. ಒಬ್ಬೊಬ್ಬರ ತಲೆ, ಬೆನ್ನುಮೂಳೆ, ಹೊಟ್ಟೆಯ ನೂರಾರು ಚಿತ್ರಗಳು ಹೊಸ ಕಟ್ಟಡದಿಂದ ಹಳೆಯದರ ವೈದ್ಯರ ಮೇಜಿಗೆ ಹೊರಡುತ್ತವೆ. ಅದೇ ದಾರಿಯಲ್ಲಿ ರಕ್ತಪರೀಕ್ಷೆಯ ವರದಿ, ಔಷಧಿಯ ಚೀಟಿ, ಫೋನಿನ ಮಾತು ಎಲ್ಲವೂ. ಆ ಜಾತ್ರೆಯಂಥ ನೂಕಾಟದಲ್ಲಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ಒಂದು ಕೂಸಿನ ಕಾಲು ಸಿಕ್ಕಿಹಾಕಿಕೊಂಡಿತ್ತು.

ದಾರಿ ಇದ್ದದ್ದು ಒಂದಲ್ಲ. ರಸ್ತೆಯ ಕೆಳಗೆ ನಾಲ್ಕು ಗಾಜಿನ ಎಳೆಗಳನ್ನು ಹಾಸಿದ್ದರು, ಕೂದಲಿನಷ್ಟು ತೆಳುವು, ಒಳಗೆ ಓಡುವುದು ಬರೀ ಬೆಳಕು. ನಾಲ್ಕರ ತುದಿಗಳೂ ಎರಡೂ ಕಡೆ ಸ್ವಿಚ್ಚಿಗೆ ಸಿಕ್ಕಿಸಿಯೇ ಇದ್ದವು. ಸ್ವಿಚ್ಚೆಂದರೆ ದೀಪ ಹಾಕುವ ಗುಂಡಿಯಲ್ಲ. ಬಂದ ಮಾತನ್ನು ನೋಡಿ, ಇದು ಇಂಥವರಿಗೆ, ಇದು ಇಂಥವರಿಗೆ ಎಂದು ಕಳಿಸುವ ಚಪ್ಪಟೆ ಪೆಟ್ಟಿಗೆ. ಅದಕ್ಕೊಂದು ಭಯ ಇದೆ. ಎರಡು ದಾರಿ ಒಟ್ಟಿಗೆ ತೆರೆದರೆ ಒಂದೇ ಮಾತು ಈ ದಾರಿಯಲ್ಲಿ ಹೋಗಿ, ಆ ದಾರಿಯಲ್ಲಿ ವಾಪಸು ಬಂದು, ಗಾಣದೆತ್ತಿನ ಹಾಗೆ ಸುತ್ತುತ್ತ ಇಡೀ ಆಸ್ಪತ್ರೆಯನ್ನೇ ಮೂರ್ಛೆಗೆ ಕೆಡವುತ್ತದೆ. ಹಾಗಾಗಿ ಸ್ವಿಚ್ಚು ಒಂದು ಎಳೆಯನ್ನು ಎಚ್ಚರವಿಟ್ಟು ಮಿಕ್ಕ ಮೂರನ್ನು ಮಲಗಿಸಿತ್ತು. ಒಂದು ಸತ್ತರೆ ಇನ್ನೊಂದು ಏಳಲಿ ಎಂದು.

ನಾಲ್ಕನ್ನೂ ಎಬ್ಬಿಸಬೇಕಾದರೆ ಒಂದೇ ಉಪಾಯ. ನಾಲ್ಕೂ ಬೇರೆ ಬೇರೆಯಲ್ಲ, ಒಂದೇ ಎಂದು ಎರಡೂ ಕಡೆಯ ಸ್ವಿಚ್ಚುಗಳು ಒಪ್ಪಿಕೊಳ್ಳಬೇಕು. ಇದಕ್ಕೆ ಪುಸ್ತಕದಲ್ಲಿ ಉದ್ದನೆಯ ಹೆಸರಿದೆ. ಇವರ ವಿಭಾಗದಲ್ಲಿ ಜಡೆ ಎನ್ನುತ್ತಿದ್ದರು. ಎಳೆ ನಾಲ್ಕು, ಜಡೆ ಒಂದು. ಆಸ್ಪತ್ರೆಯ ಬೇರೆ ಕಡೆಯೆಲ್ಲ ಅವಳು ಜಡೆ ಹಾಕಿದ್ದಳು. ಇಲ್ಲಿ ಮಾತ್ರ, ಹೆಣೆಯುವಾಗ ಎರಡು ಕಟ್ಟಡಗಳ ನಡುವೆ ಮಾತು ಕಡಿಯಬೇಕಾಗುತ್ತದಲ್ಲ ಎಂದು ನಾಳೆ, ನಾಳಿದ್ದು ಎಂದು ತಳ್ಳಿದ್ದಳು. ದೀಪದ ಬುಡದಲ್ಲೇ ಕತ್ತಲು.

ಅವಳು ಹಳೆ ಕಟ್ಟಡದ ಗಡ್ಡನಿಗೆ ಫೋನು ಮಾಡಿದಳು. ಗಡ್ಡ ಅವಳ ಸಹಾಯಕ. ಮದುವೆಗೆ ಮುಂಚೆಯೇ ಗಡ್ಡ ಬೋಳಿಸಿಕೊಂಡಿದ್ದ. ಹೆಸರು ಮಾತ್ರ ಮುಖ ಬಿಟ್ಟಿರಲಿಲ್ಲ.

"ಇವತ್ತೇ ಜಡೆ ಹಾಕೋಣ. ಸ್ಕ್ಯಾನಿಂಗಿನವರಿಗೆ ನಾನು ಹೇಳ್ತೀನಿ. ನೀನು ಬಾಣಂತಿಯರ ವಾರ್ಡಿಗೆ ಹೋಗಿ, ಸ್ವಲ್ಪ ಹೊತ್ತು ಚಿತ್ರ ಇರಲ್ಲ, ಹೆದರ್ಕೋಬೇಡಿ ಅಂತ ಒಬ್ಬೊಬ್ಬರಿಗೂ ಹೇಳಿ ಬಾ."

"ಅಕ್ಕನಿಗೂ ನಾನೇ ಹೇಳ್ಲಾ? ನಿಮ್ಮ ಮಗಳು, ನೀವೇ ಒಂದು ಮಾತು..."

"ನೀನೇ ಹೇಳು."

ಗಡ್ಡ ಹೋಗಿ ಬಂದ. ಉಳಿದ ತಾಯಂದಿರು, ಆಯ್ತು, ಬೇಗ ಮಾಡಿ ಅಂದರು. ಅಕ್ಕ ಏನೂ ಅನ್ನಲಿಲ್ಲ ಎಂದು ವರದಿ ಒಪ್ಪಿಸಿದ.

ಅವರು ಹೆಣೆಯತೊಡಗಿದರು. ದೊಡ್ಡಮ್ಮ ಈ ಕಡೆ, ಗಡ್ಡ ಆ ಕಡೆ; ನಡುವೆ ಮೊಬೈಲು. ಎಚ್ಚರವಿದ್ದ ಒಂದು ಎಳೆಯನ್ನೂ ಮಲಗಿಸಿದಾಗ ಎರಡು ಕಟ್ಟಡಗಳ ನಡುವೆ ಮಾತು ನಿಂತಿತು. ಅಲ್ಲಿ ವಾರ್ಡಿನ ಪರದೆಗಳೆಲ್ಲ ಕಪ್ಪಾಗಿರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಒಂದು ಹಾಸಿಗೆಯನ್ನು ಮಾತ್ರ ನೆನೆಯಬಾರದೆಂದು ಕೀಲಿಮಣೆಯ ಮೇಲೆ ಕಣ್ಣಿಟ್ಟಳು. ಸ್ವಿಚ್ಚಿಗೆ ಆದೇಶಗಳನ್ನು ಬರೆದಳು, ಓದಿದಳು, ಒಪ್ಪಿಸಿದಳು.

"ನನ್ನದಾಯ್ತು," ಎಂದಳು.

"ನನ್ನದೂ ಆಯ್ತು," ಎಂದ ಗಡ್ಡ.

ಏನೂ ಆಗಲಿಲ್ಲ. ಸ್ವಿಚ್ಚಿನ ದೀಪಗಳು ಕಿತ್ತಳೆ ಬಣ್ಣದಲ್ಲೇ ಕೂತಿದ್ದವು. ಅವಳು ಕಾದಳು. ಆಮೇಲೆ ಒಂದು ಎಳೆಯ ತುದಿ ಬಿಚ್ಚಿ ಒರೆಸಿ ಹಾಕಿದಳು. ಇನ್ನೊಂದನ್ನೂ ಒರೆಸಿದಳು. ಇಕ್ಕಟ್ಟಿನಲ್ಲಿ ಕೈ ತೂರಿಸಿ ನಾಲ್ಕನ್ನೂ ಕಿತ್ತು ಸಿಕ್ಕಿಸಿದಳು. ಬರೆದದ್ದನ್ನೆಲ್ಲ ಓದಿದಳು, ಒಂದು ಅಕ್ಷರ ತಪ್ಪಿಲ್ಲ. ಗಡ್ಡನದನ್ನು ಓದಿಸಿದಳು; ಅದೂ ಸರಿ. ಅಷ್ಟರಲ್ಲಿ ಅಳಿಯನ ಫೋನು ಬಂತು. ಅವನ ದನಿ ತಗ್ಗಿತ್ತು.

"ಅತ್ತೇ, ಸ್ವಲ್ಪ ಹೊತ್ತು ಅಂದಿದ್ರಿ. ಬಹಳ ಹೊತ್ತಾಯ್ತು. ಇವಳು ಗೋಡೆ ಕಡೆ ತಿರುಗಿ ಮಲಗಿದಾಳೆ."

"ಇನ್ನೇನು ಆಯ್ತಪ್ಪ," ಎಂದಳು. ಆಯ್ತು ಎಂಬುದಕ್ಕೆ ಅವಳ ಬಳಿ ಯಾವ ಆಧಾರವೂ ಇರಲಿಲ್ಲ. ಇಷ್ಟು ಕಾಲದ ಕೆಲಸದಲ್ಲಿ ಅವಳಿಗೆ ಭಯವಾದದ್ದು ಕಡಿಮೆ, ಈಗ ಆಗಿತ್ತು.

ಮತ್ತೆ ಗಡ್ಡನ ಕಡೆ ಕಿವಿಗೊಟ್ಟಳು. "ಇನ್ನೊಂದು ಸಲ ಓದು. ಕೊನೇ ಪದದವರೆಗೂ ಓದು. ಜಡೆ ಶುರು ಮಾಡೋದಕ್ಕೆ ಏನಂತ ಹಾಕಿದೀಯ?"

"ಕಾಯೋ ಹಾಗೆ ಹಾಕಿದೀನಿ ದೊಡ್ಡಮ್ಮ."

"ಕಾಯೋ ಹಾಗಾ?"

"ಹೂಂ. ನೀವು ಹಿರಿಯರು. ನಿಮ್ಮ ಕಡೆಯಿಂದ ಮೊದಲು ಕೇಳ್ಲಿ, ಆಮೇಲೆ ನಮ್ಮದು ಹೂಂ ಅನ್ಲಿ ಅಂತ."

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. "ನಾನೂ ಕಾಯೋ ಹಾಗೇ ಹಾಕಿದೀನಲ್ಲೋ ಮಹರಾಯ! ತಾಯಂದಿರೆಲ್ಲಾ ನಿನ್ನ ಕಡೆ ಇದಾರೆ, ನೀನೇ ಮೊದಲು ಮಾಡ್ಲಿ ಅಂತ."

ಜಡೆಯ ಒಂದೊಂದು ತುದಿಗೂ ಎರಡು ಸ್ವಭಾವಗಳಲ್ಲಿ ಒಂದನ್ನು ಕೊಡಬಹುದು. ತಾನಾಗಿ, ಒಂದಾಗೋಣವಾ ಎಂದು ಕೇಳುವುದು. ಅಥವಾ ಆ ಕಡೆಯವರು ಕೇಳಿದರೆ ಮಾತ್ರ ಹೂಂ ಎನ್ನುವುದು. ಇಬ್ಬರೂ ಕೇಳಿದರೆ ತೊಂದರೆಯಿಲ್ಲ. ಒಬ್ಬರು ಕೇಳಿದರೂ ಸಾಕು. ಇಬ್ಬರೂ ಕಾಯುವವರಾದರೆ ಮಾತ್ರ ಎಳೆ ಸರಿಯಿದ್ದೂ, ಬೆಳಕು ಸರಿಯಿದ್ದೂ, ಬರೆದದ್ದೆಲ್ಲ ಸರಿಯಿದ್ದೂ, ಯುಗ ಕಳೆದರೂ ಏನೂ ಆಗುವುದಿಲ್ಲ. ನಿನ್ನೆ ಮೊನ್ನೆ ಕಲಿಯಲು ಬಂದವರೂ ಈ ತಪ್ಪು ಮಾಡರು. ಮರ್ಯಾದಸ್ಥರು ಮಾತ್ರ ಮಾಡುತ್ತಾರೆ.

"ಬಿಡು, ನಾನೇ ಮೊದಲು ಕೇಳ್ತೀನಿ," ಎಂದು ದೊಡ್ಡಮ್ಮ ಒಂದು ಪದ ಬದಲಿಸಿದಳು.

ಒಂದು ದೀಪ ಹಸಿರಾಯಿತು. ಇನ್ನೊಂದು ಹಸಿರಾಯಿತು. ಮೂರನೆಯದು, ನಾಲ್ಕನೆಯದು. ಮೊದಲು ಒಂದೊಂದೂ ತನ್ನ ಪಾಡಿಗೆ ಮಿಟುಕಿತು; ಆಮೇಲೆ ತಡೆದು ನಿಂತಿದ್ದ ಮಾತೆಲ್ಲ ನುಗ್ಗಿ ನಾಲ್ಕೂ ಒಟ್ಟಿಗೆ ಮಿನುಗತೊಡಗಿದವು. ಅವಳ ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಸಾಲಿದ್ದ ಕಡೆ ಈಗ ಒಂದೇ ಸಾಲು ಇತ್ತು, ಒಂದೇ ಹೆಸರು. ಎಷ್ಟು ಸಲ ಕಂಡಿದ್ದರೂ ಇದು ಅವಳಿಗೆ ಹಳೆಯದಾಗಿರಲಿಲ್ಲ. ಅಲ್ಲಿ ಹೊಸ ತಂತಿ ಬಂದಿಲ್ಲ, ಯಾರೂ ಏನನ್ನೂ ಅಂಟಿಸಿಲ್ಲ. ಎರಡು ಪೆಟ್ಟಿಗೆಗಳು ರಸ್ತೆಯ ಈಚೆ ಆಚೆ ಕೂತು, ಇವು ನಾಲ್ಕಲ್ಲ ಒಂದು ಎಂದು ಮಾತು ಕೊಟ್ಟುಕೊಂಡವು, ಅಷ್ಟೇ. ಕೊಟ್ಟ ಮಾತಿನ ಮೇಲೆ ಇಡೀ ಆಸ್ಪತ್ರೆ ನಡೆಯುತ್ತದೆ. ನೆಲಮಾಳಿಗೆಯ ಫ್ಯಾನುಗಳ ಗದ್ದಲದಲ್ಲಿ ಅವಳು ಬೆರಗಾಗಿ, ಬಾಯಿ ಸ್ವಲ್ಪ ತೆರೆದೇ ನಿಂತಿದ್ದಳು.

ಇಷ್ಟಾದರೆ ಕೆಲಸ ಮುಗಿಯುವುದಿಲ್ಲ. ಜಡೆ ಎಳೆಯುವ ಶಾಸ್ತ್ರ ಬಾಕಿಯಿತ್ತು. ಇದು ಪುಸ್ತಕದಲ್ಲಿಲ್ಲ, ಆ ವಿಭಾಗದವರದೇ ಕಟ್ಟಳೆ. ಹಾಕಿದ ಜಡೆಯ ಎಳೆಗಳಲ್ಲಿ ಯಾವುದನ್ನಾದರೂ ಕಿತ್ತು, ಮಾತು ನಿಲ್ಲುವುದಿಲ್ಲ ಎಂದು ತೋರಿಸಬೇಕು. ತೋರಿಸದೆ ಕೆಲಸ ಒಪ್ಪಿಸುವಂತಿಲ್ಲ. ಮತ್ತು ಹೆಣೆದವರು ಎಳೆಯುವಂತಿಲ್ಲ. ಆ ದಾರಿಯನ್ನು ಬಳಸುವವರು ಎಳೆಯಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು, ಹೆಣೆದವರು ಮೆತ್ತಗೆ ಎಳೆಯುತ್ತಾರೆ ಎಂದು ದೊಡ್ಡಮ್ಮನೇ ಈ ಕಟ್ಟಳೆ ಮಾಡಿದ್ದಳು. ಹಿಂದೆ ಔಷಧಿ ಅಂಗಡಿಯವನು ಎಳೆದಿದ್ದ, ಪ್ರಯೋಗಾಲಯದ ಗಂಭೀರ ಹೆಂಗಸು ಹಲ್ಲು ಕೀಳುವವಳ ಹಾಗೆ ಮುಖ ಹಿಂಡಿಕೊಂಡು ಎಳೆದಿದ್ದಳು. ಎಲ್ಲರೂ ಎಳೆದಾದ ಮೇಲೆ ಕೇಳುವುದು ಒಂದೇ ಪ್ರಶ್ನೆ: ಅರೆ, ಏನೂ ಆಗಲಿಲ್ಲವಲ್ಲ?

ಇಲ್ಲಿ ಬಳಸುವವರು ಯಾರು ಎಂದು ಗಡ್ಡ ಕೇಳಲಿಲ್ಲ. ದೊಡ್ಡಮ್ಮ ಮಗಳಿಗೆ ಫೋನು ಮಾಡಿದಳು. ಎತ್ತುವುದಿಲ್ಲವೇನೋ ಅಂದುಕೊಂಡಳು, ಮಗಳು ಎತ್ತಿದಳು.

"ಚಿತ್ರ ಬಂತಾ?"

"ಬಂತು."

"ನಿಂತು ನಿಂತು ಬರ್ತಿದೆಯಾ?"

"ಇಲ್ಲ. ನೀರು ಹರಿದ ಹಾಗೆ ಬರ್ತಿದೆ." ಅದು ಹೊಗಳಿಕೆಯ ದನಿಯಲ್ಲ.

"ನಾನು ಮುಂಜಾನೆ ಏನೂ ಹೇಳ್ದೆ ಎದ್ದುಬಂದೆ. ತಪ್ಪಾಯ್ತು. ಈಗ ಹೇಳ್ತೀನಿ ಕೇಳು. ಆ ಚಿತ್ರ ಹಳೇದಲ್ಲ. ನನ್ನ ಮಾತು ನಂಬಬೇಡ. ವಾರ್ಡಿನ ಕೊನೇಲಿ ಕೇಬಲ್ಲಿನ ಕಪಾಟು ಇದೆ. ಗಡ್ಡ ಗಾಲಿಕುರ್ಚಿ ತರ್ತಾನೆ. ಪರದೆ ತೊಡೆ ಮೇಲಿಟ್ಕೊಂಡು ಹೋಗು. ನಾಲ್ಕು ಕೇಬಲ್ ಇವೆ. ನಿನ್ನ ಕೈಯಿಂದ ನೀನೇ ಕೀಳು."

"ಕಿತ್ರೆ ನಿಂತುಹೋಗಲ್ವಾ?"

"ನಿಲ್ಲಬಾರದು."

"ನಿಲ್ಲಲಿಲ್ಲ ಅಂದ್ರೆ ಅದು ಅಲ್ಲಿಂದ ಬರ್ತಾನೇ ಇಲ್ಲ ಅಂತಲ್ವಾ ಅಮ್ಮಾ? ತಂತಿ ಕಿತ್ರೂ ಚಿತ್ರ ಬರ್ತಿದೆ ಅಂದ್ರೆ, ಇಲ್ಲೇ ಎಲ್ಲೋ ತುಂಬಿಟ್ಟ ಹಳೇ ಚಿತ್ರ ಅಂತ ತಾನೇ ನಾನು ತಿಳ್ಕೋಬೇಕು?"

ದೊಡ್ಡಮ್ಮ ದಂಗಾದಳು. ಜೀವಮಾನವೆಲ್ಲ ಅವಳು ಮಾಡಿದ್ದು ಇದನ್ನೇ, ತಂತಿ ಕಡಿದರೂ ತಿಳಿಯದ ಹಾಗೆ ನೋಡಿಕೊಳ್ಳುವುದು. ಕೆಲಸ ಎಷ್ಟು ಅಚ್ಚುಕಟ್ಟೋ ಅಷ್ಟೂ ಸುಳ್ಳಿನ ಹಾಗೆ ಕಾಣುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಗಳ ತಲೆ ಜ್ವರದಲ್ಲೂ ಎಷ್ಟು ಚುರುಕು ಎಂದು ಹೆಮ್ಮೆಯೂ ಆಯಿತು, ಅಳುವೂ ಬಂತು.

"ಹಾಗಾದ್ರೆ ನಾನು ಮಗು ಹತ್ರ ಹೋಗ್ತೀನಿ," ಎಂದಳು ಕೊನೆಗೆ. "ಪೆಟ್ಟಿಗೆ ಒಳಗೆ ಕೈ ಇಡ್ತೀನಿ. ಏನು ಮಾಡು ಅಂತೀಯೋ ಮಾಡ್ತೀನಿ. ನೀನು ನೋಡ್ತಾ ನೋಡ್ತಾ ಕೀಳು. ಆಮೇಲೂ ನಂಬಿಕೆ ಬರದೇ ಹೋದ್ರೆ ನಾನು ಇನ್ನೇನೂ ಹೇಳಲ್ಲ."

ಶಿಶುಕೋಣೆಯಲ್ಲಿ ಬೆಚ್ಚಗಿತ್ತು. ಮೊಬೈಲನ್ನು ಹೊರಗೇ ಇರಿಸಿಕೊಂಡರು. ಸಿಸ್ಟರ್ ಅವಳಿಗೆ ಮೊಣಕೈವರೆಗೆ ಕೈ ತೊಳೆಸಿ, ಹಸಿರು ಅಂಗಿ ತೊಡಿಸಿ, ಗೋಡೆಯ ಫೋನಿನಲ್ಲಿ ಹಳೆ ಕಟ್ಟಡದ ಕಪಾಟಿನ ಬಳಿಯ ಫೋನಿಗೆ ಕರೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. "ಇಷ್ಟು ದಿನ ಗಾಜಿನ ಆಚೆಯಿಂದಲೇ ನೋಡಿ ಹೋಗ್ತಿದ್ರಿ. ಇವತ್ತು ಮುಟ್ಟಿ," ಎಂದಳು. ನಿಜ. ಮೊದಲು ಹೆತ್ತವಳು ಮುಟ್ಟಲಿ ಎಂದು ದೊಡ್ಡಮ್ಮ ಒಳಗೆ ಬಂದಿರಲಿಲ್ಲ.

ಪೆಟ್ಟಿಗೆಯ ಬದಿಯಲ್ಲಿ ಕೈ ತೂರುವಷ್ಟು ದುಂಡನೆಯ ಕಿಂಡಿ. ಅವಳು ಕೈ ಒಳಗಿಟ್ಟು ತೋರುಬೆರಳನ್ನು ಮಗುವಿನ ಅಂಗೈಗೆ ತಾಗಿಸಿದಳು. ಬೆರಳುಗಳು ಮುಚ್ಚಿಕೊಂಡವು. ಅಕ್ಕಿಕಾಳಿನಷ್ಟೂ ಇಲ್ಲದ ಉಗುರುಗಳು, ಆದರೆ ಹಿಡಿತ ಗಟ್ಟಿ. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಚರ್ಮದ ಕೆಳಗೆ ಒಂದೊಂದು ಪಕ್ಕೆಲುಬೂ ಕಾಣುತ್ತಿತ್ತು. ಅಯ್ಯೋ ನನ್ನಪ್ಪಾ, ಇಷ್ಟೇ ಇಷ್ಟಿದ್ದೂ ಎಲ್ಲವೂ ಇದೆಯಲ್ಲ ಎಂದುಕೊಂಡಳು ದೊಡ್ಡಮ್ಮ. ಅವಳ ತಲೆಯ ಮೇಲೆ ಕ್ಯಾಮೆರಾದ ಕಣ್ಣು ಇದನ್ನೆಲ್ಲ ಚೂರುಚೂರು ಮಾಡಿ, ಒಂದೊಂದು ಚೂರಿಗೂ ವಿಳಾಸ ಬರೆದು, ಗಾಜಿನೊಳಗಿನ ಬೆಳಕಾಗಿಸಿ ರಸ್ತೆಯ ಕೆಳಗೆ ಕಳಿಸುತ್ತಿತ್ತು.

"ಬಂದಿದೀನಿ," ಎಂದಿತು ಫೋನಿನಲ್ಲಿ ಮಗಳ ದನಿ. ಗಾಲಿಕುರ್ಚಿಯ ಕಿರುಗುಟ್ಟು ಕೇಳಿಸಿತು. ಗಡ್ಡ ಹಿಂದಿನಿಂದ, "ಅಕ್ಕಾ, ಕಿತ್ತ ತುದೀನ ಕಣ್ಣಿಗೆ ಮಾತ್ರ ಹಿಡೀಬೇಡಿ," ಎನ್ನುತ್ತಿದ್ದ.

"ಕೈ ಕಾಣ್ತಿದೆಯಾ?" ಎಂದಳು ದೊಡ್ಡಮ್ಮ.

"ಯಾರದೋ ಕೈ ಕಾಣ್ತಿದೆ." ಆಮೇಲೆ, "ಇದರಲ್ಲಿ ಮಗು ಬರ್ತಿರೋದು ಯಾವುದರಲ್ಲಿ?"

"ಗೊತ್ತಿಲ್ಲ."

"ನಿನಗೆ ಗೊತ್ತಿಲ್ವಾ?"

"ಲೆಕ್ಕ ಹಾಕಿದ್ರೆ ಹೇಳ್ಬಹುದು. ಹಾಕಿಲ್ಲ. ಒಬ್ಬರ ಮಾತು ಒಂದರಲ್ಲೇ ಬರುತ್ತೆ, ಅಷ್ಟು ಗೊತ್ತು. ಒಬ್ಬರ ಮಾತನ್ನೇ ನಾಲ್ಕು ಎಳೆಗೂ ಹಂಚಿದ್ರೆ ಮಾತು ಹಿಂದೆ ಮುಂದೆ ಆಗುತ್ತೆ. ಹೋಗಬೇಡ ಅಂದದ್ದು ಬೇಡ ಹೋಗು ಅಂತ ಬಂದು ಸೇರುತ್ತೆ. ಅದಕ್ಕೇ ಮಗು ಒಂದು ಎಳೇಲಿ, ಈ ಫೋನು ಇನ್ನೊಂದರಲ್ಲಿ ಇರ್ಬಹುದು, ಇನ್ಯಾರದೋ ಬೆನ್ನುಮೂಳೆ ಮತ್ತೊಂದರಲ್ಲಿ. ನೀನು ಕಿತ್ತ ಎಳೇಲಿ ಯಾರಿದ್ರೂ ಪಕ್ಕದ್ದಕ್ಕೆ ಹಾರ್ಕೋತಾರೆ."

"ಹಾರೋವಾಗ ಬಿದ್ರೆ?"

"ಬೀಳಬಾರದು ಅಂತಲೇ ನಾನಿರೋದು," ಎಂದಳು ದೊಡ್ಡಮ್ಮ.

ಟಕ್ ಎಂದಿತು. ಸಣ್ಣ ಶಬ್ದ, ಬಳೆ ಒಡೆದಷ್ಟೇ. ಒಂದು ಹೋಯಿತು. ಕೋಣೆಯಲ್ಲಿ ಏನೂ ಬದಲಾಗಲಿಲ್ಲ, ಬದಲಾಗಬೇಕಾದ್ದು ಇಲ್ಲಿ ಅಲ್ಲವಲ್ಲ. ಸಿಸ್ಟರ್ ಕೂಡ ಉಸಿರು ಹಿಡಿದು ಫೋನಿನ ಕಡೆ ನೋಡುತ್ತಿದ್ದಳು.

ಟಕ್. ಎರಡನೆಯದು. ಈ ಸಲ ಫೋನಿನೊಳಗೆ ರೆಪ್ಪೆ ಮಿಟುಕಿದಷ್ಟು ಹೊತ್ತು ಗಾಳಿ ಕಡಿದ ಹಾಗಾಗಿ, ಮತ್ತೆ ವಾರ್ಡಿನ ಸದ್ದು ಬಂತು. ಹಾರಿಕೊಂಡದ್ದು ತಮ್ಮದೇ ಮಾತು ಎಂದು ದೊಡ್ಡಮ್ಮನಿಗೆ ತಿಳಿಯಿತು. ಅವಳಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಬೇರೆಯವರ ಮಾತು ದಾಟಿಸಿದವಳು, ತನ್ನ ಮಾತು ದಾಟುವುದನ್ನು ಕೇಳಿಸಿಕೊಂಡಿರಲಿಲ್ಲ.

"ಏನು ಮಾಡ್ಲಿ ಹೇಳು," ಎಂದಳು. "ಕೈ ಎತ್ಲಾ? ಟೋಪಿ ಸರಿಮಾಡ್ಲಾ?"

ಟಕ್. ಮೂರನೆಯದು.

"ಅಕ್ಕಾ, ಸಾಕು," ಎಂದ ಗಡ್ಡ. "ಇನ್ನೊಂದೇ ಉಳಿದಿರೋದು. ಅದನ್ನ ಬಿಡಿ. ಎಲ್ಲಾ ತಾಯಂದಿರ ಮಕ್ಕಳೂ ಅದರಲ್ಲೇ ಇದಾವೆ."

ಮಗಳ ಕೈ ಅದರ ಮೇಲಿದೆ ಎಂದು ದೊಡ್ಡಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದನ್ನೂ ಕಿತ್ತರೆ ಚಿತ್ರ ಕಪ್ಪಾಗುತ್ತದೆ, ಕಪ್ಪಾದರೆ ಅದು ಅಲ್ಲಿಂದಲೇ ಬರುತ್ತಿತ್ತು ಎಂದು ರುಜುವಾತಾಗುತ್ತದೆ. ಅವಳ ಜಾಗದಲ್ಲಿ ತಾನಿದ್ದರೂ ಕೀಳುತ್ತಿದ್ದೆನೇನೋ. ಬೇಡ ಎನ್ನಲು ಬಾಯಿ ತೆರೆದಳು, ಎನ್ನಲಿಲ್ಲ. ಶಾಸ್ತ್ರ ಶಾಸ್ತ್ರವೇ, ಬಳಸುವವರು ಎಳೆಯಬೇಕು, ಹೆಣೆದವರು ತಡೆಯುವಂತಿಲ್ಲ. ರಸ್ತೆಯ ಕೆಳಗೆ ಕೂದಲಿನಷ್ಟು ತೆಳುವಾದ ಒಂದೇ ಎಳೆ ಎಲ್ಲ ಕೂಸುಗಳ ಉಸಿರನ್ನೂ ಹೊತ್ತು ನಿಂತಿತ್ತು. ಫೋನಿನಲ್ಲಿ ಮಗಳ ಉಸಿರು ಕೇಳುತ್ತಿತ್ತು. ಪೆಟ್ಟಿಗೆಯೊಳಗೆ ಮಗುವಿನದು ಕಾಣುತ್ತಿತ್ತು. ದೊಡ್ಡಮ್ಮ ಎರಡರ ನಡುವೆ ಕೈ ಚಾಚಿ ನಿಂತಿದ್ದಳು.

"ಅಮ್ಮಾ."

"ಹೇಳು ಮಗಳೇ."

"ನಿನ್ನ ಹೆಬ್ಬೆರಳಿನ ಉಗುರು ಮುರಿದಿದೆ. ಒಂದು ಕಡೆ ಚೂಪಾಗಿ ನಿಂತಿದೆ." ದನಿ ಒಡೆಯಿತು, ಆದರೂ ಗದರುವ ದನಿಯೇ. "ನಿನ್ನೆ ಸರಿಯಿತ್ತು. ಇವತ್ತು ಎಲ್ಲಿ ಮುರ್ಕೊಂಡೆ? ಮಗೂಗೆ ಗೀರುತ್ತೆ, ತೆಗಿ."

ದೊಡ್ಡಮ್ಮ ಬಗ್ಗಿ ನೋಡಿದಳು. ಹೌದು, ಮುರಿದಿತ್ತು, ನೆಲಮಾಳಿಗೆಯ ಇಕ್ಕಟ್ಟಿನಲ್ಲಿ ಎಳೆ ಕೀಳುವಾಗಲೇ ಇರಬೇಕು. ಕೈ ತೊಳೆಸಿದ ಸಿಸ್ಟರ್ ಕಂಡಿರಲಿಲ್ಲ, ಹೊತ್ತು ತಿರುಗಿದ ತಾನೂ ಕಂಡಿರಲಿಲ್ಲ. ಅವಳು ಹೆಬ್ಬೆರಳನ್ನು ಮೆಲ್ಲಗೆ ಅಂಗೈಯೊಳಕ್ಕೆ ಮಡಚಿಕೊಂಡಳು. ತೋರುಬೆರಳನ್ನು ಮಗು ಬಿಟ್ಟಿರಲಿಲ್ಲ.

"ಈಗ?"

"ಹೂಂ. ಈಗ ಸರಿ. ಹಾಗೇ ಹಿಡ್ಕೊಂಡಿರು," ಎಂದಳು ಮಗಳು.

ಆ ಕಡೆಯಿಂದ, ಒಂದರ ಹಿಂದೆ ಒಂದು, ಕೇಬಲ್ಲುಗಳನ್ನು ಮತ್ತೆ ಸಿಕ್ಕಿಸುವ ಸದ್ದು ಕೇಳಿಬಂತು.